ಹೆಜ್ಜೆ ಲೆಕ್ಕದ ಅಂಕಲ್

ಬೆಳಗಾದರೆ ಸುದ್ದಗುಂಟೆಪಾಳ್ಯದಲ್ಲಿ ಹೆಜ್ಜೆ ಲೆಕ್ಕದ ಅಂಕಲ್ ಕಾಣದ ಬೀದಿಯಿಲ್ಲ. ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಅಳಿಯ ಕೊಡಿಸಿದ ಶೂ, ಕೈಗೆ ಮಗ ಅಮೆರಿಕದಿಂದ ಕಳಿಸಿದ ವಾಚು. ಪಿಜಿಗಳ ಮುಂದೆ ಸಾಲುಗಟ್ಟಿದ ಬೈಕುಗಳು, ನೀರಿನ ಟ್ಯಾಂಕರು, ಇವುಗಳ ಸಂದಿಯಲ್ಲಿ ನುಸುಳುತ್ತಾ, ಎದುರು ಬಂದವರ ಮುಖ ಬಿಟ್ಟು ವಾಚಿನ ಮುಖ ನೋಡುತ್ತಾ ನಡೆಯುತ್ತಾರೆ. 'ಕಾಫಿ ಆಯ್ತಾ ಸಾರ್?' ಅಂದರೆ 'ಆರು ಸಾವಿರದ ಇನ್ನೂರು' ಅನ್ನುತ್ತಾರೆ. ರಾತ್ರಿ ಊಟವಾದ ಮೇಲೂ ದಿನದ ಹತ್ತು ಸಾವಿರ ಹೆಜ್ಜೆಯಲ್ಲಿ ಬಾಕಿ ಉಳಿದಿದ್ದರೆ ಹಾಲಿಗೂ ಅಡುಗೆಮನೆಗೂ ಗಸ್ತು. ಕಾಲು ಸೋತರೆ ಸೋಫಾದಲ್ಲಿ ಕೂತು ಕೈ ಬೀಸುತ್ತಾರೆ. ಪಾಪದ ವಾಚು ಅದನ್ನೂ ಹೆಜ್ಜೆ ಅಂತಲೇ ನಂಬುತ್ತದೆ. 'ಸೊಳ್ಳೆ ಓಡಿಸ್ತಿದೀರೇನ್ರೀ?' ಅಂತ ಹೆಂಡತಿ ಒಳಗಿನಿಂದ ಕೇಳುತ್ತಾರೆ.

ಇಷ್ಟಕ್ಕೂ ಆ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟ ಚೀಟಿಯಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದು ಜಪಾನೀಯರಿಗೆ ವ್ಯಾಯಾಮದ ಹುರುಪು ಹತ್ತಿದ್ದಾಗ, 1965ರಲ್ಲಿ ಅಲ್ಲಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ವಯಸ್ಸಾದ ಅಮೆರಿಕನ್ ಹೆಂಗಸರನ್ನು ಗಮನಿಸಿದಾಗ, ಸುಮಾರು 7,500 ಹೆಜ್ಜೆಯ ಆಚೆಗೆ ಆಯುಸ್ಸಿನ ಲಾಭ ಹೆಚ್ಚಿದ್ದು ಕಾಣಲಿಲ್ಲ. ನಡಿಗೆಯ ಮೇಲೆ ನನಗೇನೂ ಮುನಿಸಿಲ್ಲ. ತಕರಾರು ಇರುವುದು ಅದು ಮೈ ತೀರಿಸಬೇಕಾದ ಇಎಂಐ ಆಗಿಹೋದದ್ದಕ್ಕೆ. ಕಂತು ಕಟ್ಟುವವರು ಯಾರೂ ಖುಷಿಗೆ ಕಟ್ಟುವುದಿಲ್ಲ. ತಪ್ಪಿಸಿಕೊಳ್ಳುವ ದಾರಿ ಸಿಕ್ಕರೆ ಸೋಫಾದಲ್ಲಿ ಕೂತು ಕೈ ಬೀಸುತ್ತಾರೆ. ಆಟದಲ್ಲಿ ಈ ಕಳ್ಳಾಟಕ್ಕೆ ಜಾಗವಿಲ್ಲ, ಎದುರಿಗೊಬ್ಬರು ಕಾಯುತ್ತಿರುತ್ತಾರೆ. ಕೋಪನ್‌ಹೇಗನ್ನಿನಲ್ಲಿ ಸುಮಾರು 8,500 ಜನರನ್ನು 25 ವರ್ಷದವರೆಗೆ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮ್ಮನೆ ಕೂತವರಿಗಿಂತ ಟೆನಿಸ್ ಆಡುವವರ ಆಯುಸ್ಸು 9.7 ವರ್ಷ, ಬ್ಯಾಡ್ಮಿಂಟನ್ನಿನವರದು 6.2 ವರ್ಷ ಹೆಚ್ಚೆಂದು ಲೆಕ್ಕ ಸಿಕ್ಕಿತು. ಜಾಗಿಂಗಿಗೆ 3.2, ಜಿಮ್ಮಿಗೆ ಬರೀ 1.5. ಟೆನಿಸ್ ಆಡುವವರು ದುಡ್ಡಿದ್ದವರು, ಮೊದಲೇ ಗಟ್ಟಿಮುಟ್ಟಾಗಿದ್ದವರು ಅಂತ ಯಾರಾದರೂ ಅಂದರೆ ಒಪ್ಪಲೇಬೇಕು; ಆಟವೇ ಕಾರಣವೆಂದು ಸಂಶೋಧಕರೂ ಹೇಳಿಲ್ಲ. ಆದರೂ ಜೊತೆಗಾರರು ಬೇಕಾದ ಆಟಗಳೇ ಮೇಲೆ ನಿಂತದ್ದು ಅವರ ಕಣ್ಣಿಗೂ ಬಿತ್ತು. ಮೇಲಾಗಿ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನೇರ ನಡಿಗೆಯಲ್ಲಿ ಅದೆಲ್ಲಿಂದ ಬರಬೇಕು? ಶಟಲ್ ಹಿಂದೆ ಹೋದವರು ಬಗ್ಗುತ್ತಾರೆ, ತಿರುಗುತ್ತಾರೆ, ಅಡ್ಡಹೆಜ್ಜೆ ಇಡುತ್ತಾರೆ.

'ಈ ಪಾಳ್ಯದಲ್ಲಿ ಜಾಗ ಎಲ್ಲಿದೆ ಸ್ವಾಮಿ?' ಅಂಕಲ್ ಕೇಳುವುದು ನ್ಯಾಯವೇ. ಮನೆಗೆ ಮನೆ ಅಂಟಿಕೊಂಡಿದೆ, ಖಾಲಿ ಸೈಟೆಲ್ಲ ಪಿಜಿ ಆಗಿದೆ. ಆದರೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ, ಅದೂ ಮದುವೆ ಇಲ್ಲದ ದಿನ. ಅಪಾರ್ಟ್‌ಮೆಂಟಿನ ಕೆಳಗೆ ಎರಡು ಕಾರು ಆಫೀಸಿಗೆ ಹೊರಟರೆ ಲಗೋರಿಗೆ ಬೇಕಾದಷ್ಟು ಜಾಗ. ಮಂಡಿ ನೋವಿನ ಮಾತಿಗೂ ಬೆಲೆಯಿದೆ: ಅರವತ್ತರಲ್ಲಿ ಕಬಡ್ಡಿಗೆ ಇಳಿ ಅಂತ ಯಾರೂ ಹೇಳುತ್ತಿಲ್ಲ, ಡಾಕ್ಟರನ್ನು ಕೇಳಿಕೊಂಡು ನಿಧಾನವಾಗಿ ಶುರು ಮಾಡಬಹುದು.

ಮಂಡಿಯೂ ಜಾಗವೂ ನೆಪ. ಅಂಕಲ್‌ಗೆ ನಿಜವಾದ ಅಂಜಿಕೆ ಮರ್ಯಾದೆಯದು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರಾದವರು ಓಣಿ ಹುಡುಗರ ಜೊತೆ ಬ್ಯಾಟು ಹಿಡಿದರೆ ಜನ ಏನಂದಾರು? ಜನರಿಗೆ ಟ್ರಾಫಿಕ್ಕಿನ ಚಿಂತೆ. ಅನ್ನುವವರು ಹುಡುಗರೇ, ಅವರು ಅನ್ನುವುದೂ ಒಂದೇ ಮಾತು: 'ಅಂಕಲ್, ಒನ್ ಪಿಚ್ ಕ್ಯಾಚ್, ಔಟು!' ಅದಕ್ಕೆ ಅಪೀಲಿಲ್ಲ, ಮೇಲಧಿಕಾರಿಗೆ ಪತ್ರ ಬರೆಯುವ ಅವಕಾಶವೂ ಇಲ್ಲ. ಬ್ಯಾಟು ಕೊಟ್ಟು ಫೀಲ್ಡಿಂಗಿಗೆ ಹೋಗಬೇಕು, ಬಾಲು ಪಕ್ಕದ ಮನೆ ಕಾಂಪೌಂಡಿಗೆ ಬಿದ್ದರೆ ತರುವುದೂ ಅವರ ಪಾಲಿಗೇ.