ಜೂನ್ ಒಂದರ ಮಕ್ಕಳು

ಮೇ ತಿಂಗಳ ಕೊನೆಯ ದಿನ ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ ನೋಡಿ, ಒಂದು ಫೈಲೂ ಅಲ್ಲಾಡೋದಿಲ್ಲ. ಮಿಕ್ಕ ದಿನ ಅಲ್ಲಾಡುತ್ತಾ ಅಂತ ಕೇಳಬೇಡಿ, ಅದು ಬೇರೆ ವಿಚಾರ. ಅವತ್ತು ಮಾತ್ರ ನ್ಯಾಯವಾದ ಕಾರಣ ಇರುತ್ತೆ, ಒಳಗೆ ಬೀಳ್ಕೊಡುಗೆ ನಡೀತಿರುತ್ತೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಬಣ್ಣದ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಆ ಬುಟ್ಟೀನ ಯಾವತ್ತಾದರೂ ಮನೇಲಿ ಬಿಚ್ಚಿ ನೋಡಿದ್ದೀರಾ? ಮೇಲುಗಡೆ ಸೇಬು, ದಾಳಿಂಬೆ, ನೆತ್ತಿ ಮೇಲೊಂದು ಅನಾನಸ್. ಎರಡು ಕೈ ಹಣ್ಣು ತೆಗೆಯೋಷ್ಟರಲ್ಲಿ ಅಡಿಯಲ್ಲೆಲ್ಲ ಹಳೇ ಪೇಪರಿನ ಉಂಡೆ. ಭಾಷಣಗಳೂ ಹಾಗೇ. ವರ್ಷವೆಲ್ಲ ಆ ಮನುಷ್ಯನಿಗೆ ನೋಟೀಸು ಕೊಟ್ಟ ಸಾಹೇಬರೇ ಎದ್ದು ನಿಂತು, ‘ಇಲಾಖೆಗೆ ತುಂಬಲಾರದ ನಷ್ಟ’ ಅಂತಾರೆ.

ಒಂದೇ ದಿನ ಅಷ್ಟೊಂದು ಜನ ಹೇಗೆ ವಯಸ್ಸಾದವರಾದರು? ಸುಲಭ, ಅವರೆಲ್ಲ ಹುಟ್ಟಿದ್ದೂ ಒಂದೇ ದಿನ. ಜೂನ್ ಒಂದು. ನಮ್ಮ ಕಾಲದ ಮಕ್ಕಳು ಹೆತ್ತಮ್ಮನ ಹೊಟ್ಟೆಯಿಂದ ಯಾವಾಗಲಾದರೂ ಬಂದಿರಲಿ, ಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ ಮಾತ್ರ ಮುಂಗಾರಿನ ಜೊತೆಗೇ ಹುಟ್ಟೋರು. ಹೆಡ್‌ಮಾಸ್ಟ್ರು ಮುಂದೆ ನಿಲ್ಲಿಸೋದು, ‘ಬಲಗೈ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು’ ಅನ್ನೋದು. ಬೆರಳು ಕಿವಿಗೆ ಎಟುಕಿತೋ, ಹುಡುಗನಿಗೆ ವಯಸ್ಸು ತುಂಬಿತು ಅಂತ ಅರ್ಥ. ಎಟುಕದೆ ಹೋದರೆ ಅಪ್ಪ ಹಿಂದಿನಿಂದ ಮೊಣಕೈಯನ್ನು ಮೆತ್ತಗೆ ಒತ್ತೋದೂ ಇತ್ತು. ನಮ್ಮಜ್ಜಿಯಂತೂ, ‘ಇವನು ಹುಟ್ಟಿದಾಗ ಕೆರೆ ಕೋಡಿ ಬಿದ್ದಿತ್ತು, ಕೆಂದ ಹಸು ಈದಿತ್ತು’ ಅಂತ ಗುರುತು ಹೇಳಿದ್ದಳಂತೆ. ಹೆಡ್‌ಮಾಸ್ಟ್ರು ಕೆರೆ, ಹಸು ಎರಡನ್ನೂ ಬದಿಗಿಟ್ಟು ಜೂನ್ ಒಂದು ಅಂತ ಗೀಚಿದರು. ಐದೂವರೆ ದಶಕ ಆದಮೇಲೆ ನಾವು ಯಾವತ್ತು ಮನೆಗೆ ಹೋಗಬೇಕು ಅನ್ನೋದು ಆ ಕ್ಷಣಕ್ಕೇ ತೀರ್ಮಾನ ಆಗಿಹೋಯಿತು, ಅಲ್ವಾ?

ಇದರಲ್ಲೊಂದು ತಮಾಷೆ ಇದೆ ನೋಡಿ. ನಿಯಮದ ಪ್ರಕಾರ ತಿಂಗಳ ಮಧ್ಯೆ ಹುಟ್ಟಿದವರು ಆ ತಿಂಗಳ ಕೊನೇವರೆಗೂ ಕೆಲಸ ಮಾಡಬಹುದು. ಆದರೆ ಒಂದನೇ ತಾರೀಕಿಗೆ ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಗೇ ಜಾಗ ಖಾಲಿ ಮಾಡಬೇಕು. ಅಂದರೆ ಆ ಪುಣ್ಯಾತ್ಮ ಹೆಡ್‌ಮಾಸ್ಟ್ರು ಒಂದು ಅನ್ನೋ ಕಡೆ ಎರಡು ಅಂತ ಬರೆದಿದ್ದರೆ ಪೂರ್ತಿ ಜೂನ್ ತಿಂಗಳ ಸಂಬಳ ಕೈಗೆ ಬರ್ತಿತ್ತು! ಒಂದು ಗೀಟಿನ ಬದಲು ಒಂದು ಸುಳಿ. ಇಷ್ಟಕ್ಕೆ ಅವರಿಗೇನು ಶಾಯಿ ಖರ್ಚಾಗ್ತಿತ್ತೋ.

ಬದಲಾಯಿಸೋಣ ಅಂದರೆ ಅದೂ ಆಗದ ಮಾತು. 1974ರಲ್ಲೇ ರಾಜ್ಯ ಸರ್ಕಾರ ಇದಕ್ಕೊಂದು ಕಾಯಿದೆ ಮಾಡಿಟ್ಟಿದೆ. ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ ಬರೆದ ಮೂರು ವರ್ಷದೊಳಗೆ ತಕರಾರು ತೆಗೆದರೆ ಸರಿ, ಆಮೇಲೆ ಇಲ್ಲ. ಕೆಲಸ ಸಿಕ್ಕಿದ ಹೊಸದರಲ್ಲಿ ನಿವೃತ್ತಿ ಯಾರಿಗೆ ನೆನಪಿರುತ್ತೆ ಹೇಳಿ? ಸೇನೆಯ ಮುಖ್ಯಸ್ಥರಿಗೇ ಈ ಗಂಟು ಬಿಡಿಸೋಕಾಗಲಿಲ್ಲ. ಜನರಲ್ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕಡೆಗೆ 2012ರ ಮೇ 31ಕ್ಕೆ ನಿವೃತ್ತರಾದರು. ಅವರಿಗೂ ಮೇ 31ರ ಯೋಗವೇ!

ಇನ್ನು ವಯಸ್ಸು ಎಷ್ಟಿರಬೇಕು ಅನ್ನೋದು. ನಮ್ಮಪ್ಪಂದಿರ ಕಾಲದಲ್ಲಿ ಐವತ್ತೈದು ಅಂದರೆ ಕೋಲು ಹಿಡಿಯೋ ವಯಸ್ಸು. ಕೇಂದ್ರದವರು 1962ರಲ್ಲಿ ಅದನ್ನ ಐವತ್ತೆಂಟು ಮಾಡಿದರು, 1998ರಲ್ಲಿ ಅರವತ್ತು ಮಾಡಿದರು. ನಮ್ಮ ರಾಜ್ಯಕ್ಕೆ ಅರವತ್ತು ಬಂದಿದ್ದು 2008ರಲ್ಲಿ. ಅರವತ್ತಕ್ಕೆ ಅರಳು ಮರಳು ಅಂದಿದ್ದಾರಲ್ಲ, ಸರ್ಕಾರವೂ ಆ ಗಡಿಯಲ್ಲೇ ಕೈ ಬಿಡುತ್ತೆ. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಅರವತ್ತೆರಡು, ಸುಪ್ರೀಂ ಕೋರ್ಟಿನವರಿಗೆ ಅರವತ್ತೈದು. ಮಂತ್ರಿಗಳಿಗೆ? ಆ ಮಾತು ಬೇಡ ಬಿಡಿ, ಗೋಡೆಗೂ ಕಿವಿ ಇರುತ್ತೆ.

2008 ಅಂದೆನಲ್ಲ, ನಮ್ಮ ಬೀದಿಯಲ್ಲಿ ಆಗ ಒಬ್ಬರು ಸೂಪರಿಂಟೆಂಡೆಂಟ್ ಇದ್ದರು. ಐವತ್ತೆಂಟಕ್ಕೆ ಸರಿಯಾಗಿ ಎಲ್ಲಾ ಸಜ್ಜು ಮಾಡಿಕೊಂಡಿದ್ದರು. ಪೆನ್ಶನ್ ಪೇಪರು ಕಳಿಸಿ, ಕಾಶಿಗೆ ಟಿಕೆಟ್ ಮಾಡಿಸಿ, ಬೀಳ್ಕೊಡುಗೆಗೆ ಅಂತ ಹೊಸ ಸಫಾರಿ ಹೊಲಿಸಿದ್ದರು. ಅಷ್ಟರಲ್ಲಿ ಇನ್ನೆರಡು ವರ್ಷ ಅಂತ ಆದೇಶ ಬಂತು. ಮನೇಲಿ ಹೋಳಿಗೆ. ಕಚೇರಿಯಲ್ಲಿ ಮಾತ್ರ, ಅವರ ಕುರ್ಚಿಗೆ ಕಣ್ಣಿಟ್ಟು ಕೂತಿದ್ದ ಕೆಳಗಿನವರು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲವಂತೆ. ಆ ಸಫಾರಿಯೋ, ಅರವತ್ತಕ್ಕೆ ಬರೋ ಹೊತ್ತಿಗೆ ಗುಂಡಿ ಹಾಕೋಕಾಗದೆ ತಮ್ಮನ ಪಾಲಾಯಿತು.

ಈಗಿನ ಹುಡುಗರದ್ದು ಇನ್ನೊಂದು ಧಾಟಿ. ಪಕ್ಕದ್ಮನೆ ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಮೊನ್ನೆ ಬಂದಿದ್ದ. ‘ಅಂಕಲ್, ನಲವತ್ತೈದಕ್ಕೆ ರಿಟೈರ್ ಆಗ್ತೀನಿ’ ಅಂದ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಬೇರೆ ತೋರಿಸಿದ, ಎಷ್ಟು ಕೂಡಿಟ್ಟರೆ ಎಷ್ಟು ವರ್ಷ ಕೂತು ತಿನ್ನಬಹುದು ಅಂತ. ಆಮೇಲೇನಪ್ಪಾ ಮಾಡ್ತೀಯ ಅಂದರೆ, ಸಕಲೇಶಪುರದ ಕಡೆ ಒಂದಿಷ್ಟು ಕಾಫಿ ತೋಟವಂತೆ. ನಾನು ನಕ್ಕೆ. ಕಾಫಿ ತೋಟದವರು ಯಾರಾದರೂ ನಿವೃತ್ತರಾಗಿದ್ದು ನೋಡಿದ್ದೀರಾ? ಕಾಯಿಕೊರಕ ಹುಳ ಇವನ ಲೆಕ್ಕದ ಹಾಳೆ ನೋಡಿ ಬರುತ್ತಾ?

ಹಾಗಂತ ಬೇಗ ಬಿಡೋದು ಹೊಸದೇನಲ್ಲ. ನಮ್ಮ ವಿಶ್ವೇಶ್ವರಯ್ಯನವರು ಬೊಂಬಾಯಿ ಸರ್ಕಾರದ ನೌಕರಿಗೆ ಶರಣು ಹೊಡೆದಿದ್ದು 1908ರಲ್ಲಿ, ಐವತ್ತು ತುಂಬೋಕೆ ಮುಂಚೆಯೇ. ಮೈಸೂರಿಗೆ ಬಂದು ಮುಖ್ಯ ಇಂಜಿನಿಯರ್ ಆಗಿದ್ದು, ದಿವಾನರಾಗಿದ್ದು, ಕನ್ನಂಬಾಡಿ ಕಟ್ಟೆ ಎದ್ದಿದ್ದು ಎಲ್ಲಾ ‘ರಿಟೈರ್’ ಆದಮೇಲೆ. ಅವರನ್ನ ನೆನೆದರೆ ನನಗೆ ಆಯಾಸವಾಗುತ್ತೆ. ನನಗೆ ಹಿಡಿಸೋದು ಮಾಸ್ತಿಯವರು. ಅವರೂ ಜೂನ್ ಸಂತಾನವೇ, 1891ರ ಜೂನ್ 6. ಕಿರಿಯರೊಬ್ಬರನ್ನ ತಮ್ಮನ್ನು ದಾಟಿಸಿ ಮೇಲೆ ಕೂರಿಸಿದರು ಅಂತ ಐವತ್ತರ ಆಚೀಚೆ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದವರು. ಆಮೇಲೆ ‘ಜೀವನ’ ಪತ್ರಿಕೆ ನಡೆಸಿದರು, 1956ರಲ್ಲಿ ‘ಚಿಕವೀರ ರಾಜೇಂದ್ರ’ ತಂದರು, 1983ರ ಜ್ಞಾನಪೀಠ ಬಂದಾಗ ತೊಂಬತ್ತು ದಾಟಿದ್ದರು. ಇಷ್ಟರ ಮಧ್ಯೆ ಸಂಜೆ ಆದರೆ ಬಸವನಗುಡಿ ಕ್ಲಬ್ಬಿಗೆ ನಡೆದುಕೊಂಡು ಹೋಗಿ ಇಸ್ಪೀಟು ಆಡೋದನ್ನ ಬಿಡಲಿಲ್ಲ ನೋಡಿ! ಕಾದಂಬರಿ ನಮ್ಮ ಕೈಲಾಗದು, ಇಸ್ಪೀಟಾದರೂ ಆಗಬಹುದಲ್ಲ.

ನಮ್ಮಲ್ಲಿ ಅದಕ್ಕೂ ಬಿಡುವಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ಅಲ್ಲೂ ನಿವೃತ್ತ ಡೆಪ್ಯುಟಿ ಕಮಿಷನರ್ ಮುಂದೆ ನಡೀತಿದ್ದರೆ ನಿವೃತ್ತ ತಹಶೀಲ್ದಾರ್ ಎರಡು ಹೆಜ್ಜೆ ಹಿಂದೆಯೇ, ಆರ್ಡರ್ ಇನ್ನೂ ಜಾರಿಯಲ್ಲಿದೆಯೋ ಏನೋ. ವಾಪಸ್ ಬಂದರೆ ಹಾಲು, ತರಕಾರಿ, ಗ್ಯಾಸ್, ಮೊಮ್ಮಗಳ ಸ್ಕೂಲ್ ವ್ಯಾನು. ‘ಮನೇಲೇ ಇರ್ತೀರಲ್ಲ’ ಅನ್ನೋ ಒಂದೇ ಮಾತಿನಲ್ಲಿ ಎಷ್ಟು ಕೆಲಸ ಹಚ್ಚಬಹುದು ಅನ್ನೋದು ಸರ್ವೀಸಿನಲ್ಲಿದ್ದಾಗ ಗೊತ್ತಿರಲಿಲ್ಲ.

ಒಟ್ಟಿಗೆ ಊರೂರು ಸುತ್ತೋಣ ಅಂತ ನಾನೂ ನಮ್ಮನೆಯವಳೂ ಮಾತಾಡಿಕೊಂಡಿದ್ದೆವು. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿಯನ್ನ ಕೊರೋನಾ ಬಂದ 2020ರಲ್ಲಿ ನಿಲ್ಲಿಸಿಬಿಟ್ಟರು. ಸರಿ, ನಮ್ಮ ಕೆಂಪು ಬಸ್ಸಿದೆ, ನೂರಕ್ಕೆ ಇಪ್ಪತ್ತೈದು ಬಿಡ್ತಾರೆ ಅಂದುಕೊಂಡರೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅವಳಿಗೆ ಪೂರ್ತಿ ಬಿಟ್ಟಿ, ನನಗೆ ಮುಕ್ಕಾಲು ಚಾರ್ಜು. ಈಗ ಧರ್ಮಸ್ಥಳ, ಹೊರನಾಡು, ಶೃಂಗೇರಿ ಎಲ್ಲಾ ಭಜನಾ ಮಂಡಳಿಯವರ ಜೊತೆಗೇ ಮುಗಿಸ್ತಾಳೆ. ‘ನೀವು ಬಂದರೆ ದಂಡ ಅಲ್ವಾ?’ ಅಂತಾಳೆ. ದಂಡ ಅಂದದ್ದು ಟಿಕೆಟ್ ದುಡ್ಡಿಗೋ ನನಗೋ, ಇನ್ನೂ ಬಗೆಹರಿದಿಲ್ಲ.

ನವೆಂಬರ್ ಬಂದರೆ ಜೀವಂತ ಇದ್ದೀನಿ ಅನ್ನೋ ಪ್ರಮಾಣಪತ್ರ ಕೊಡಬೇಕಲ್ಲ, ಹೋದ ಸಲ ಎದುರು ಮನೆ ರಾಯರ ಜೊತೆ ಹೋಗಿದ್ದೆ. ರಾಯರು ನಿವೃತ್ತರಾದ ಮೇಲೆ ಹಿತ್ತಲಲ್ಲಿ ಬಾಳೆ, ಬಸಳೆ, ಹೀರೆ ಅಂತ ಮಣ್ಣಿಗೆ ಬಿದ್ದವರು. ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ಬಟ್ಟೇಲಿ ಒರೆಸಿ ಇಟ್ಟರು, ಎಡಗೈ ಇಟ್ಟರು, ಊಹೂಂ. ‘ಗೆರೆ ಸವೆದಿದೆ ಸಾರ್’ ಅಂದ ಹುಡುಗ. ಮೂವತ್ತನಾಲ್ಕು ವರ್ಷ ಫೈಲು ಹಿಡಿದಾಗ ಸವೆಯದ ಬೆರಳು! ಕಡೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಅಂದ. ರಾಯರು ಬೀಳ್ಕೊಡುಗೆ ಫೋಟೋಗೆ ಕೂತ ಹಾಗೆ ಉಸಿರು ಬಿಗಿಹಿಡಿದು ಕೂತರು. ಅದಕ್ಕೂ ಆಗಲಿಲ್ಲ. ‘ಕಣ್ಣು ಮಿಟುಕಿಸಬೇಕು ಸಾರ್, ಇಲ್ಲದಿದ್ದರೆ ಫೋಟೋ ಅಂದ್ಕೊಳ್ಳುತ್ತೆ’ ಅಂದ. ಇವರು ಮಿಟುಕಿಸಿದರು ನೋಡಿ, ಸಾಲಿನಲ್ಲಿ ಹಿಂದೆ ನಿಂತಿದ್ದ ನಿವೃತ್ತ ಟೀಚರಮ್ಮ, ‘ರಾಯರೇ, ಈ ವಯಸ್ಸಲ್ಲಿ ಇದೆಲ್ಲಾ ಬೇಕಾ?’ ಅಂದುಬಿಡೋದೇ!