ಚಹಾದಂಗಡಿಯ ಸೆಷನ್ಸ್ ಕೋರ್ಟು

ಚಿಕ್ಕೋಡಿ ಕೋರ್ಟಿನೆದುರು, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ, ಅಥಣಿ, ರಾಯಬಾಗ, ಕಾಗವಾಡದ ಯಾವುದಾದರೊಂದು ಚಹಾದಂಗಡಿಯ ಬಾಕಿನ ಮೇಲೆ, ಕೋರ್ಟಿನ ತೀರ್ಪಿಗೆ ಬಾಜಿ ಕಟ್ಟುವ ಈತ ಇದ್ದೇ ಇರುತ್ತಾನೆ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ಧೂಳು ಝಾಡಿಸಿ, ತುಟಿಯೊಳಗೆ ಇಡುವಷ್ಟರಲ್ಲಿ ಒಂದು ಕೊಲೆ ಕೇಸು ಮುಗಿಸಿರುತ್ತಾನೆ: "ಬಿಡುಗಡೀನ ಆಗ್ತದ, ಬರಕೋರಿ ಕಾಕಾ, ಹತ್ತಕ್ಕ ಏಳು!" ಮಟಕಾ, ಎಲೆಕ್ಷನ್ನು, ಐಪಿಎಲ್ಲುಗಳಲ್ಲಿ ಪಳಗಿದ ಕೈ ಅದು. ದೋಷಾರೋಪ ಪಟ್ಟಿಯ ಮುಖ ನೋಡಿಲ್ಲ. ಸತ್ತವನ ಹೆಸರು ಕೇಳಿದರೆ ತಡವರಿಸುತ್ತಾನೆ. ರೇಟು ಕೇಳಿದರೆ ಪೈಸೆ ತಪ್ಪುವುದಿಲ್ಲ.

ಹಾಗೆಂದು ಅವನ ವಾದವನ್ನು ತಳ್ಳಿಹಾಕುವಂತಿಲ್ಲ. "ಬಾಯಿಲೆ ಯಾರರೆ ಏನರೆ ಅಂತಾರ, ಕಿಸೆದಾಗಿಂದ ರೊಕ್ಕ ತಗಿಯೂ ಮುಂದ ಮನಶಾ ಖರೇನ ವಿಚಾರ ಮಾಡ್ತಾನ" ಎನ್ನುತ್ತಾನೆ. ಅಮೆರಿಕದ ಪಾಲಿಮಾರ್ಕೆಟ್ ಎಂಬ ಬಾಜಿ ತಾಣ ನಿಂತಿರುವುದೂ ಇದೇ ನಂಬಿಕೆಯ ಮೇಲೆ. 2024ರ ಅಧ್ಯಕ್ಷ ಚುನಾವಣೆಯಲ್ಲಿ ಸಮೀಕ್ಷೆಗಳು ಸಮಸಮ ಎನ್ನುತ್ತಿದ್ದಾಗ ಅಲ್ಲಿನ ರೇಟು ಟ್ರಂಪ್ ಕಡೆಗೆ ವಾಲಿತ್ತು. ಆದರೆ ಚುನಾವಣೆಯಲ್ಲಿ ಮತ ಹಾಕುವವರು ಕೋಟಿಗಟ್ಟಲೆ. ಖಟ್ಲೆಯಲ್ಲಿ ಕಣ್ಣಾರೆ ಕಂಡವರು ಇಬ್ಬರೋ ಮೂವರೋ, ಅವರಲ್ಲೊಬ್ಬ ನಮ್ಮವನ ಬೀಗರ ಊರಿನವ. ಒಂದು ಊಟಕ್ಕೆ, ಒಂದು ಗದರಿಕೆಗೆ ಸಾಕ್ಷಿ ಉಲ್ಟಾ ಹೊಡೆಯುವ ಕಡೆ, ಲಕ್ಷ ರೂಪಾಯಿ ಹಚ್ಚಿದವನು ಬರೀ ಭವಿಷ್ಯ ಹೇಳುತ್ತ ಕೂತಿರುತ್ತಾನೆಯೇ? ವಕೀಲರೂ ಅಂದಾಜು ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತಾರೆ. ಆದರೆ ಗೆದ್ದರೆ ಇಷ್ಟು ಫೀಸು ಎಂದು ಫಲಿತಾಂಶಕ್ಕೆ ಗಂಟುಹಾಕುವುದನ್ನು ಬಾರ್ ಕೌನ್ಸಿಲಿನ ನಿಯಮವೇ ತಡೆದಿದೆ, ಇದೇ ಭಯಕ್ಕೆ.

ಇರಲಿ, ಸಾಕ್ಷಿಗಳೆಲ್ಲ ಹರಿಶ್ಚಂದ್ರನ ಮಕ್ಕಳೇ ಎನ್ನೋಣ. ಪಾವತಿ ಯಾವಾಗ? ಬೆಂಗಳೂರಿನಲ್ಲಿ ನಡೆದ ಜಯಲಲಿತಾ ಅಕ್ರಮ ಆಸ್ತಿ ಕೇಸನ್ನೇ ನೋಡಿ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ದಂಡ ವಿಧಿಸಿತು. "ಶಿಕ್ಷೆ" ಎಂದು ಹಚ್ಚಿದವನು ಪೇಢೆ ಹಂಚಬಹುದಿತ್ತು. 2015ರ ಮೇ 11ರಂದು ಹೈಕೋರ್ಟು ಖುಲಾಸೆ ಮಾಡಿತು. ಪೇಢೆ ವಾಪಸ್ ಕೊಡಬೇಕೇ? ಆ ತೀರ್ಪಿನಲ್ಲಿ ಸಾಲಗಳನ್ನು ಕೂಡಿಸುವಾಗ 10.67 ಕೋಟಿಯಾಗಬೇಕಿದ್ದದ್ದು 24.17 ಕೋಟಿ ಎಂದಾಗಿತ್ತು. ಕೂಡಿಸುವ ಲೆಕ್ಕ ತಪ್ಪುವುದರ ಮೇಲೆ ಯಾವ ಜಾಣ ರೇಟು ಕಟ್ಟಿಯಾನು? 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಸಹ ಆರೋಪಿಗಳಾದ ಶಶಿಕಲಾ ಮೊದಲಾದವರ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಪ್ರಕರಣವೇ ಮುಗಿಯಿತು. ಶಿಕ್ಷೆ, ಖುಲಾಸೆ, ಎರಡೂ ಅಲ್ಲದ್ದು. ಇಂಥಲ್ಲಿ ಗೆದ್ದವ ಯಾರೆಂದು ನಿಕಾಲೆಯಾಗುವಷ್ಟರಲ್ಲಿ ರೊಕ್ಕ ಹಿಡಿದವ ಮಿರಜಿನ ರೈಲು ಹತ್ತಿರುತ್ತಾನೆ. ದಾವೆ ಹಾಕೋಣವೆಂದರೆ 1872ರ ಕರಾರು ಕಾಯ್ದೆಯ 30ನೇ ಕಲಮು ಬಾಜಿಯ ಕರಾರು ನಡೆಯದು ಎನ್ನುತ್ತದೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ಪ್ರೊಬೊದಂಥ ಬಾಜಿ ಆ್ಯಪುಗಳ ಹಣದಾಟ ನಿಂತಿತು. ನಮ್ಮವನಿಗೇನೂ ತೊಂದರೆಯಿಲ್ಲ, ಅವನ ಸರ್ವರು ಬೀಡಿ ಕಟ್ಟಿನ ಕಾಗದದ ಹಿಂಬದಿ. ಈಗ ಕಣ್ಣು ಗಡಿ ದಾವೆಯ ಮೇಲೆ: ನಿಪ್ಪಾಣಿಯೂ ಸೇರಿ 865 ಊರು ಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದು. ಅದು ಕ್ರಿಮಿನಲ್ ಅಲ್ಲವೆಂದರೆ ಕೈ ಝಾಡಿಸುತ್ತಾನೆ. ಕೊಲ್ಹಾಪುರದ ಸೋದರಮಾವನ ಜೊತೆ ಹತ್ತಕ್ಕೆ ಒಂಬತ್ತರಂತೆ ಕಟ್ಟಿದ್ದೂ ಆಗಿದೆ. ಪಾವತಿ ಮಾಡುವವರ ಜಾಗದಲ್ಲಿ ಇಬ್ಬರೂ ತಂತಮ್ಮ ಮೊಮ್ಮಕ್ಕಳ ಹೆಸರು ಬರೆಸಿದ್ದಾರೆ.