ಜಲತೈಲಭೇದೋಜ್ಜೀವನ ಅಥವಾ ಡರ್ಟ್ ಬೈಕಿನ ವಾಟರ್ ಪಂಪ್ ಸೀಲ್ ವಿಚಾರ

ಶಾಸ್ತ್ರಗ್ರಂಥ ಎನ್ನಿಸಿಕೊಳ್ಳಬೇಕಾದರೆ ಅನುಬಂಧ ಚತುಷ್ಟಯ ಇರಲೇಬೇಕು. ಇಲ್ಲದಿದ್ದರೆ ಪಂಡಿತರು ಮೊದಲ ಪುಟಕ್ಕೇ ಪುಸ್ತಕ ಮುಚ್ಚಿಡುತ್ತಾರೆ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ವಿಷಯ: ಡರ್ಟ್ ಬೈಕಿನ ಎಂಜಿನ್ನಿನ ಬಲಮಗ್ಗುಲಲ್ಲಿ, ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನಿಂದ ತೊಟ್ಟಿಕ್ಕುವ ಹಸಿರು ದ್ರವ. ಪ್ರಯೋಜನ: ಎಂಜಿನ್ ಉಳಿಯುವುದು. ಸಂಬಂಧ: ಆ ದ್ರವಕ್ಕೂ ಮಾಲೀಕನ ಜೇಬಿಗೂ ಇರುವ ಕಾರ್ಯಕಾರಣಭಾವ. ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಸಾಕೆಟ್ ಸೆಟ್ ಉಳ್ಳವನು, ಮನೆಮಂದಿಯೆಲ್ಲ ಮದುವೆಗೆ ಹೊರಟ ಭಾನುವಾರ ತಾನೊಬ್ಬನೇ ಮನೆಯಲ್ಲಿ ಉಳಿಯುವ ಉಪಾಯ ಬಲ್ಲವನು, ಎಂಜಿನ್ ತಣ್ಣಗಾಗುವವರೆಗೆ ಕೈಕಟ್ಟಿ ಕೂರುವ ಶಮದಮಾದಿ ಸಂಪತ್ತುಳ್ಳವನು. ಮೂರನೆಯದು ಕಲಿಯುಗದಲ್ಲಿ ದುರ್ಲಭ.

ಸಂಶೋಧನೆ ಎಂದ ಮೇಲೆ ಕಾಲನಿರ್ಣಯವೂ ಬೇಕಲ್ಲ? ನೀರನ್ನು ತಿರುಗಿಸಿ ಹೊರಕ್ಕೆಸೆಯುವ ಪಂಪಿನ ಮೂಲಪುರುಷ 17ನೇ ಶತಮಾನದ ಫ್ರೆಂಚ್ ಪಂಡಿತ ಡೆನಿ ಪಾಪಿನ್ ಎಂಬುದು ಸಾಮಾನ್ಯವಾಗಿ ಒಪ್ಪಿತ. ಅದರ ರೆಕ್ಕೆಗಳನ್ನು ಬಾಗಿಸಿ ಕೆಲಸ ಹೆಚ್ಚಿಸಿದ ಜಾನ್ ಆಪಲ್ಡ್ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ತೋರಿಸಿ ಹೆಸರು ಮಾಡಿದ. ಇದೇ ಪಾಪಿನ್ 1679ರಲ್ಲಿ ಪ್ರೆಷರ್ ಕುಕ್ಕರಿನ ಮುತ್ತಾತನನ್ನೂ ಅದರ ಒತ್ತಡದ ವಾಲ್ವನ್ನೂ ಮಾಡಿದ್ದ. ರೇಡಿಯೇಟರ್ ಮುಚ್ಚಳ ಆ ವಾಲ್ವಿನ ವಂಶಸ್ಥ. ಮುಚ್ಚಳದ ಮೇಲೆ 1.1 ಎಂದು ಕೆತ್ತಿದ್ದರೆ, ವಾತಾವರಣಕ್ಕಿಂತ ಅಷ್ಟು ಬಾರ್ ಒತ್ತಡ ಹೆಚ್ಚಾಗುವವರೆಗೆ ಅದು ಬಾಯಿ ಬಿಡುವುದಿಲ್ಲ ಎಂದರ್ಥ. ಆ ಒತ್ತಡದಲ್ಲಿ ಬರೀ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಕೂತಿರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದವನ ಮುಖಕ್ಕೆ ಏನು ಎರಚುತ್ತದೆ ಎಂಬುದನ್ನು ಅನುಮಾನ ಪ್ರಮಾಣದಿಂದಲೇ ತಿಳಿದುಕೊಳ್ಳುವುದು ಮೇಲು, ಪ್ರತ್ಯಕ್ಷ ಬೇಡ.

ಇನ್ನು ತತ್ತ್ವ. ಎಂಜಿನ್ನಿನೊಳಗೆ ಎರಡು ಜಡವಸ್ತುಗಳಿವೆ: ಕೂಲೆಂಟ್ ಮತ್ತು ಆಯಿಲ್. ಇವು ನಿತ್ಯ ಭಿನ್ನ. ಮಧ್ವಾಚಾರ್ಯರ ಪಂಚಭೇದಗಳಲ್ಲಿ ಕೊನೆಯದಾದ ಜಡ-ಜಡ ಭೇದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಕಂಡಿಲ್ಲ. ಆದರೆ ಪಂಪಿನ ಶಾಫ್ಟ್ ಎಂಬ ಒಂದೇ ಕಡ್ಡಿಯ ಒಂದು ತುದಿ ನೀರಿನಲ್ಲಿ ಇಂಪೆಲ್ಲರ್ ತಿರುಗಿಸುತ್ತದೆ, ಇನ್ನೊಂದು ತುದಿ ಆಯಿಲಿನಲ್ಲಿ ಗೇರಿನೊಂದಿಗೆ ಸಂಸಾರ ನಡೆಸುತ್ತದೆ. ನಡುವೆ ಭೇದವನ್ನು ಕಾಯುವವರು ಇಬ್ಬರು ರಬ್ಬರ್ ದ್ವಾರಪಾಲಕರು. ನೀರಿನ ಕಡೆಯವನನ್ನು ಜಯ ಎಂದೂ ಆಯಿಲಿನ ಕಡೆಯವನನ್ನು ವಿಜಯ ಎಂದೂ ಕರೆಯೋಣ. ಇಬ್ಬರೂ ಸೋತರೆ ಏನಾಗುತ್ತದೆ? ನೀರು ಆಯಿಲಿಗಿಳಿದು ಎರಡೂ ಒಂದಾಗುತ್ತವೆ, ಆಯಿಲ್ ನೋಡುವ ಗಾಜಿನಲ್ಲಿ ಹಾಲು ಹೆಚ್ಚಾದ ಕಾಫಿ ಕಾಣಿಸುತ್ತದೆ. ಇದೇ ಅದ್ವೈತ ಸಿದ್ಧಿ. ವೇದಾಂತದಲ್ಲಿ ಅದು ಪರಮ ಪದವಿಯಿರಬಹುದು. ಗ್ಯಾರೇಜಿನಲ್ಲಿ ಅದಕ್ಕೆ ಬೇರಿಂಗ್, ಕ್ಲಚ್ ಪ್ಲೇಟ್ ಎಲ್ಲ ಸೇರಿ ಬಿಲ್ ಬರುತ್ತದೆ.

(ಇಲ್ಲೊಂದು ಉಪಕಥೆ. 2019ರ ಡಾಕರ್ ರ‍್ಯಾಲಿಯನ್ನು ಬೈಕಿನಲ್ಲಿ 37ನೆಯವರಾಗಿ ಮುಗಿಸಿ, ಮುಂದೆ ಬಿಗ್ ಬಾಸ್ ಕನ್ನಡ ಎಂಟನೇ ಆವೃತ್ತಿಯಲ್ಲಿ ಎರಡನೆಯವರಾದ ಕೆ.ಪಿ. ಅರವಿಂದ್ ಅಷ್ಟಮಠಗಳ ಉಡುಪಿಯವರು. ದ್ವೈತಕ್ಕೂ ಡರ್ಟ್ ಬೈಕಿಗೂ ಪ್ರಾಚೀನ ನಂಟಿದೆ ಎಂಬ ನನ್ನ ವಾದಕ್ಕೆ ಇದೊಂದೇ ಆಧಾರ. ಪಿಎಚ್‌ಡಿಗೆ ಇಷ್ಟು ಸಾಕು.)

ಈ ಇಬ್ಬರು ದ್ವಾರಪಾಲಕರ ನಡುವೆ ಒಂದು ಖಾಲಿ ಜಾಗ, ಅದರಿಂದ ಹೊರಕ್ಕೊಂದು ತೂತು. ಎಂಜಿನ್ ಮಾಡಿದವನ ಜಾಣತನವೆಲ್ಲ ಈ ತೂತಿನಲ್ಲಿದೆ. ಜಯ ಕೈಕೊಟ್ಟರೆ ಹಸಿರು ಹನಿ, ವಿಜಯ ಕೈಕೊಟ್ಟರೆ ಆಯಿಲ್ ಹನಿ. ಒಬ್ಬನು ಸೋತ ಸುದ್ದಿ ಇನ್ನೊಬ್ಬನು ಸೋಲುವ ಮೊದಲೇ ಹೊರಗೆ ಬರಲಿ ಎಂದೇ ಅದನ್ನು ಕೊರೆದದ್ದು.

ಈಗ ಪೂರ್ವಪಕ್ಷಗಳು. ಮೊದಲನೆಯದು ಎಂ-ಸೀಲ್ ಸಂಪ್ರದಾಯ: ತೂತಿನಿಂದ ಸೋರುತ್ತಿದೆ, ಆದ್ದರಿಂದ ತೂತು ಮುಚ್ಚಬೇಕು. ಈ ಮತದವರು ದೂರು ತಂದವನ ಬಾಯಿ ಮುಚ್ಚಿ ದೂರು ಬಗೆಹರಿಯಿತು ಎನ್ನುವವರು, ನಮ್ಮ ಕಚೇರಿಗಳಲ್ಲಿ ಇವರ ಶಿಷ್ಯವರ್ಗ ದೊಡ್ಡದು. ಹೊರದಾರಿ ಇಲ್ಲದ ನೀರು ಒಳದಾರಿ ಹಿಡಿದು ವಿಜಯನ ಬೆನ್ನಿಗೆ ಬೀಳುತ್ತದೆ. ಎರಡನೆಯದು ನಿತ್ಯಾಭಿಷೇಕ ಸಂಪ್ರದಾಯ: ಕಡಿಮೆಯಾದಷ್ಟು ಸುರಿಯುತ್ತಾ ಹೋಗು. ಮೂರನೆಯದು ಆಪ್ತವಾಕ್ಯ ಸಂಪ್ರದಾಯ, ಇದರ ಏಕೈಕ ಸೂತ್ರ: "ಅದು ಬೆವರು ಸಾರ್, ಓಡಿಸ್ತಾ ಇರಿ, ತಾನಾಗೇ ನಿಲ್ಲುತ್ತೆ." ನಿಲ್ಲುವುದು ನಿಜ. ಒಳಗಿನ ಕೂಲೆಂಟ್ ಮುಗಿದ ಮೇಲೆ.

ನಾಲ್ಕನೆಯವರು ಮಾತ್ರ ಘನ ವಿದ್ವಾಂಸರು: ಸೋತಿರುವುದು ಜಯ ತಾನೇ, ಅವನೊಬ್ಬನನ್ನೇ ಬದಲಿಸಿದರೆ ಸಾಲದೆ? ಸಾಲದು. ಪುರಾಣ ನೋಡಿ. ಸನಕಾದಿಗಳ ಶಾಪ ಇಬ್ಬರಿಗೂ ಒಟ್ಟಿಗೇ ತಗುಲಿತು, ಹುಟ್ಟಿದ್ದೂ ಒಟ್ಟಿಗೇ. ಒಂದೇ ಶಾಫ್ಟಿನ ಮೇಲೆ, ಒಂದೇ ವೇಗದಲ್ಲಿ, ಅಷ್ಟೇ ಕಾಲ ತಿಕ್ಕಿಸಿಕೊಂಡವರಲ್ಲಿ ಒಬ್ಬನು ಮುದುಕನಾದರೆ ಇನ್ನೊಬ್ಬನು ಯುವಕನಾಗಿರುವುದಿಲ್ಲ. ಎರಡನ್ನೂ ಬದಲಿಸುವುದೇ ಸಿದ್ಧಾಂತ.

ಆಗಮ ಪ್ರಮಾಣ ಎಂದರೆ ಸರ್ವಿಸ್ ಮ್ಯಾನ್ಯುಅಲ್. ಅದು ಸೂತ್ರಶೈಲಿಯದು. "ಸೀಲ್ ತೆಗೆಯಿರಿ" ಎಂದು ಎರಡೇ ಮಾತು ಹೇಳಿ ಸುಮ್ಮನಾಗುತ್ತದೆ. ಭಾಷ್ಯ ಬರೆಯುವುದು ನಮ್ಮ ಪಾಲಿಗೆ. ಕೂಲೆಂಟ್ ಇಳಿಸಿ, ಬೈಕನ್ನು ಎಡಕ್ಕೆ ವಾಲಿಸಿ ಗೋಡೆಗೆ ಭದ್ರವಾಗಿ ಒರಗಿಸಿದರೆ ಬಲಗಡೆಯ ಕವರ್ ಬಿಚ್ಚುವಾಗ ಆಯಿಲ್ ಅಂಗಳಕ್ಕೆ ಹರಿಯುವುದು ತಪ್ಪುತ್ತದೆ. ಬ್ರೇಕ್ ಪೆಡಲ್ ಅಡ್ಡ ಬರುತ್ತದೆ, ಅದನ್ನೂ ಸರಿಸಬೇಕು. ಬೋಲ್ಟುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಜಾಗದ್ದು ಆ ಜಾಗಕ್ಕೇ ಚುಚ್ಚಿಡಿ. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟುವಾಗ ಅದು ಕೂರುವ ಅಲ್ಯೂಮಿನಿಯಂ ಗೂಡಿಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಮೈಯಿಂದಲೇ ಸೋರಿಕೆ ಶುರುವಾಗುತ್ತದೆ, ಆಗ ಜಯವಿಜಯರನ್ನು ಬೈದು ಫಲವಿಲ್ಲ.

ಸೀಲಿನ ಮುಖದ ಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳ ಶಾಸನವಿರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇದನ್ನು ಕನ್ನಡಕವಿಲ್ಲದೆ ಓದುವ ಲಿಪಿತಜ್ಞರಿದ್ದಾರೆ. ಆದರೆ ಅಳತೆ ಹೊಂದಿದ ಮಾತ್ರಕ್ಕೆ ಆಯಿಲ್ ಸೀಲನ್ನು ವಾಟರ್ ಸೀಲಿನ ಜಾಗಕ್ಕೆ ಕೂರಿಸುವುದು ಪಾಠಾಂತರವಲ್ಲ, ಪ್ರಕ್ಷಿಪ್ತ.

ಇನ್ನು ಎಲ್ಲರೂ ಹಾರಿಸಿ ಓದುವ ಅಧ್ಯಾಯ: ಶಾಫ್ಟ್. ಅದನ್ನು ಹೊರತೆಗೆದು, ಒರೆಸಿ, ಸೀಲಿನ ತುಟಿ ತಿಕ್ಕುತ್ತಿದ್ದ ಜಾಗದಲ್ಲಿ ಬೆಳಕಿಗೆ ಹಿಡಿದರೆ ಹೊಳೆಯುವ ಉಂಗುರವೊಂದು ಕಾಣುತ್ತದೆ. ಅದರ ಮೇಲೆ ಉದ್ದಕ್ಕೆ ಉಗುರು ಎಳೆಯಿರಿ. ಜಾರಿಹೋದರೆ ಶಾಫ್ಟ್ ಉಳಿಯಿತು. ಉಗುರು ಎಡವಿದರೆ ಅಲ್ಲಿ ತೋಡು ಬಿದ್ದಿದೆ, ಹೊಸ ಸೀಲ್ ಹಾಕಿದರೂ ಸೋರುತ್ತದೆ, ಶಾಫ್ಟನ್ನೂ ಬದಲಿಸಲೇಬೇಕು. ಮೆತ್ತನೆಯ ರಬ್ಬರ್ ಗಟ್ಟಿ ಉಕ್ಕನ್ನು ಹೇಗೆ ಕೊರೆಯಿತು ಎಂದು ತಾರ್ಕಿಕರು ಕೇಳಬಹುದು. ಕೊರೆದದ್ದು ರಬ್ಬರಲ್ಲ, ಅದರ ತುಟಿಗೆ ಸಿಕ್ಕಿಕೊಂಡ ದೂಳು. ಕಾಫಿ ತೋಟದ ಕೆಸರು ಮೆತ್ತಿದ ಬೈಕಿಗೆ ವಾಟರ್ ಸರ್ವಿಸಿನವನು ಜೋರು ನೀರನ್ನು ನೇರ ಆ ತೂತಿಗೇ ಹಿಡಿದರೆ ಮರಳಿನ ಕಣ ಒಳಗೆ ಹೋಗುವುದೇ. ಕೂಲೆಂಟಿನ ಪಾತ್ರವೂ ಇದೆ. ಸಿಲಿಕೇಟ್ ಇರುವ ಕೂಲೆಂಟಿನಿಂದ ಪಂಪ್ ಸೀಲ್ ಬೇಗ ಸವೆಯಬಹುದೆಂದು ಹೋಂಡಾದ ಕೈಪಿಡಿಗಳೇ ಎಚ್ಚರಿಸುತ್ತವೆ. ಶಾಫ್ಟ್ ಕೈಯಲ್ಲಿರುವಾಗಲೇ ಬೇರಿಂಗ್ ಅಲುಗುತ್ತದೆಯೇ ನೋಡಿಬಿಡಿ. ಓಲಾಡುವ ಶಾಫ್ಟನ್ನು ಯಾವ ದ್ವಾರಪಾಲಕನೂ ಕಾಯಲಾರ.

ಹೊಸ ಸೀಲ್ ಕೂರಿಸುವಾಗ ಸ್ಪ್ರಿಂಗ್ ಕಾಣುವ ಮುಖ ತಾನು ತಡೆಯಬೇಕಾದ ದ್ರವದ ಕಡೆಗಿರಬೇಕು. ಜಯ ನೀರಿನತ್ತ, ವಿಜಯ ಆಯಿಲಿನತ್ತ, ಇಬ್ಬರೂ ಬೆನ್ನಿಗೆ ಬೆನ್ನು. ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಸಮನಾಗಿ ತಟ್ಟಿ, ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಚೂಪು ಅಂಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಮೆಲ್ಲಗೆ ತಿರುಗಿಸುತ್ತಾ ತೂರಿಸಿ. ಪ್ಯಾಕಿಂಗ್ ಹೊಸದಿರಲಿ. ಆರು ಮಿಲಿಮೀಟರಿನ ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಭೀಮಸೇನನ ಆವೇಶ ಬಂದರೆ ಮರೆ, ಅಂದರೆ ಥ್ರೆಡ್, ಹರಿಯುತ್ತದೆ.

"ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿ" ಎಂಬುದು ಎಲ್ಲ ಮ್ಯಾನ್ಯುಅಲ್‌ಗಳ ಕೊನೆಯ ಸೂತ್ರ. ಇದನ್ನು ಬರೆದವನಿಗೆ ವರ್ಜ್ಯ ರಾಗಗಳ ಪರಿಚಯವಿರಲಿಲ್ಲ. ಆರೋಹಣದಲ್ಲಿದ್ದ ಸ್ವರ ಅವರೋಹಣದಲ್ಲಿ ಇರುವುದಿಲ್ಲ, ಕೊನೆಗೆ ಅಂಗೈಯಲ್ಲಿ ಒಂದು ವಾಷರ್ ಉಳಿಯುತ್ತದೆ. ವರ್ಜ್ಯ ಸ್ವರ ಎಂದು ಅದನ್ನು ಜೇಬಿಗಿಳಿಸುವ ಹಾಗಿಲ್ಲ. ಮತ್ತೆ ಬಿಚ್ಚಿ.

ಕೂಲೆಂಟ್ ತುಂಬಿ, ಮುಚ್ಚಳ ತೆರೆದೇ ಕೊಂಚ ಹೊತ್ತು ಎಂಜಿನ್ ಓಡಿಸಿ ಗಾಳಿಗುಳ್ಳೆ ಹೋಗಲು ಬಿಡಿ. ಮಟ್ಟ ಇಳಿದಷ್ಟು ಸುರಿದು ಮುಚ್ಚಳ ಹಾಕಿ. ಒಂದು ಸುತ್ತು ಹೋಗಿ ಬಂದು ರಾತ್ರಿ ತೂತಿನ ಕೆಳಗೆ ಹಳೆಯ ಪೇಪರ್ ಹಾಸಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಗ್ರಂಥ ಸಮಾಪ್ತಿ.

ಫಲಶ್ರುತಿ: ಇದನ್ನು ಓದಿದವರಿಗೆ, ಓದಿಸಿದವರಿಗೆ, ಸ್ಪ್ಯಾನರ್ ಎತ್ತಿಕೊಟ್ಟವರಿಗೆ ಎಂಜಿನ್ ಆಯುಷ್ಯ ವೃದ್ಧಿ. ಆದರೆ ಇಳಿಸಿದ ಹಳೆಯ ಕೂಲೆಂಟನ್ನು ಚರಂಡಿಗೂ ಗಿಡದ ಬುಡಕ್ಕೂ ಚೆಲ್ಲಬೇಡಿ, ತೆರೆದ ಬೇಸಿನ್ನಿನಲ್ಲಿ ಅಂಗಳದಲ್ಲೂ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಸ್ವಲ್ಪ ನೆಕ್ಕಿದರೂ ಬೀದಿನಾಯಿಯ ಮೂತ್ರಪಿಂಡ ಕೆಟ್ಟು ಅದು ಸಾಯಬಹುದು. ಮುಚ್ಚಳವಿರುವ ಡಬ್ಬಿಗೆ ತುಂಬಿ, ಹಳೆಯ ಆಯಿಲ್, ಕೂಲೆಂಟ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ.